ಎಂಜಿನ್ ತಿರುಗಿಸುತ್ತಿದ್ದ ಅಜ್ಜ

ಕಳೆದ ದೀಪಾವಳಿಗೆ ಮೆಟ್ರಿಗೆ ಹೋದಾಗ ನಮ್ಮ ಹಿತ್ತಲಲ್ಲಿ ಮೂರಡಿ ಅಗಲದ ಒಂದು ಗುಂಡನೆ ಗುಂಡಿ ತೋಡಿದೆ. ಅವ್ವ ಬಂದು ನೋಡಿ, "ಇಲ್ಲಿ ಮೆಣಸಿನಕಾಯಿ ಒಣಗಿಸ್ತಿದ್ದೆ, ಏನ್ ಮಾಡಾಕತ್ತೀಯೋ?" ಅಂದಳು. "ರೈಲು ತಿರುಗಿಸೋ ಚಕ್ರ" ಅಂದೆ. "ನಿಮ್ಮಜ್ಜನ ಹುಚ್ಚು ನಿನಗೂ ಹಿಡೀತಾ" ಅಂತ ಒಳಗೆ ಹೋದಳು.

ಅಜ್ಜನ ಹುಚ್ಚಿನ ಕಥೆ ಶುರುವಾಗೋದು ಬಹಳ ಹಿಂದೆ. 1876-78ರ ಧಾತು-ಈಶ್ವರ ಬರದಲ್ಲಿ ಬಳ್ಳಾರಿ ಸೀಮೆಯ ಜನ ಹುಳಗಳಂತೆ ಸತ್ತರು. ಬೇರೆ ಕಡೆ ಧಾನ್ಯ ಇದ್ದರೂ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಮುಟ್ಟಿಸೋದು ಆಗಲಿಲ್ಲ, ಯಾಕಂದ್ರೆ ಎತ್ತುಗಳಿಗೇ ಮೇವಿರಲಿಲ್ಲ. ಆಮೇಲೆ ಬ್ರಿಟಿಷರಿಗೆ ಬುದ್ಧಿ ಬಂತು. ಬರ ಬೀಳುವ ಸೀಮೆಗಳಿಗೆ ರೈಲು ಬೇಕು ಅಂತ ತೀರ್ಮಾನಿಸಿ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿಯ ದಾರಿ ಆ ದಶಕದಲ್ಲೇ ಬಂತು. 1905ಕ್ಕೆ ಹೊಸಪೇಟೆಯಿಂದ ಕೊಟ್ಟೂರಿಗೂ ಹಳಿ ಹೋಯಿತು. ಖರ್ಚು ಕಡಿಮೆ ಆಗಲಿ ಅಂತ ಇವೆಲ್ಲ ಮೀಟರ್ ಗೇಜ್. ಅಂದ್ರೆ ಎರಡು ಹಳಿಗಳ ನಡುವೆ ಬರೀ ಒಂದು ಮೀಟರ್.

ಇದೇ ದಾರಿಯ ಒಂದು ಲೋಕೋ ಶೆಡ್‌ನಲ್ಲಿ ಅಜ್ಜ ಕೂಲಿಗೆ ಸೇರಿದ್ದ. ಬೂದಿ ಎತ್ತೋದು, ಕಲ್ಲಿದ್ದಲು ಹೊರೋದು, ಮತ್ತೆ ಎಂಜಿನ್ ತಿರುಗಿಸೋದು.

ಇವತ್ತಿನ ಎಲೆಕ್ಟ್ರಿಕ್ ಎಂಜಿನ್ನಿಗೆ ಎರಡೂ ತುದಿಯಲ್ಲಿ ಡ್ರೈವರ್ ಕ್ಯಾಬ್ ಇರುತ್ತೆ, ಅದಕ್ಕೆ ಹಿಂದು ಮುಂದು ಇಲ್ಲ. ಉಗಿ ಎಂಜಿನ್ನಿಗೆ ಮುಖ ಒಂದೇ. ಮುಂದೆ ಬಾಯ್ಲರ್, ಅದರ ಹಿಂದೆ ಡ್ರೈವರ್, ಅವನ ಬೆನ್ನಿಗೆ ಕಲ್ಲಿದ್ದಲು ನೀರು ತುಂಬಿದ ಟೆಂಡರ್. ಹಿಮ್ಮುಖವಾಗಿ ಓಡಿಸಿದರೆ ದಾರಿ ಸರಿಯಾಗಿ ಕಾಣಲ್ಲ, ನಿಧಾನ ಹೋಗಬೇಕು. ಅದಕ್ಕೇ ಪ್ರಯಾಣದ ಕೊನೆಗೆ ಅದನ್ನು ತಿರುಗಿಸಬೇಕು. ಜಾಗ ಇದ್ದ ಕಡೆ ತ್ರಿಕೋನದ ಹಳಿ ಹಾಕ್ತಿದ್ರು, ಇಲ್ಲದ ಕಡೆ ಟರ್ನ್‌ಟೇಬಲ್.

ಟರ್ನ್‌ಟೇಬಲ್ ಅಂದ್ರೆ ಒಂದು ಗುಂಡನೆ ಗುಂಡಿ, ಅದರೊಳಗೆ ಹಳಿ ಹೊತ್ತ ಒಂದು ಕಬ್ಬಿಣದ ಸೇತುವೆ. ನಡುವೆ ಗೂಟ, ಥೇಟ್ ನಮ್ಮ ಬೀಸೋ ಕಲ್ಲಿನ ಹಾಗೆ. ಎಷ್ಟೋ ಕಡೆ ಇದಕ್ಕೆ ಮೋಟಾರು ಇರಲಿಲ್ಲ. ವೈಪಿ ಎಂಬ ಮೀಟರ್ ಗೇಜ್ ಎಂಜಿನ್ ಟೆಂಡರ್ ಸೇರಿ ಸುಮಾರು 19 ಮೀಟರ್ ಉದ್ದ, ನೂರು ಟನ್ನಿಗೆ ಹತ್ತಿರದ ತೂಕ. ಅದನ್ನು ಮನುಷ್ಯರು ಕೈಯಲ್ಲಿ ತಳ್ಳಿ ತಿರುಗಿಸ್ತಿದ್ರು!

ಚಿಕ್ಕವನಿದ್ದಾಗ ನಾನು ನಂಬಿರಲಿಲ್ಲ. ಅಜ್ಜ ನಗುತ್ತಾ, "ತೂಕ ಸರಿ ಕುಂತ್ರ ಇಬ್ರು ಸಾಕು ನೋಡಪಾ. ಒಂದು ಮಾರು ಆಚೀಚಿ ಆತಂದ್ರ ಹತ್ತು ಮಂದಿ ಬಂದ್ರೂ ಅಲ್ಲಾಡಂಗಿಲ್ಲ" ಅಂತಿದ್ದ. ರಾತ್ರಿ ದರೋಜಿ ಕಡೆಯಿಂದ ಗಾಳಿ ಬೀಸಿ ರೈಲಿನ ಸದ್ದು ಕೇಳಿದಾಗೆಲ್ಲ ಇದೇ ಮಾತು. ಬಿಇ ಓದಿ, ಕಾಗದದ ಮೇಲೆ ಮೊಮೆಂಟ್ ಲೆಕ್ಕ ಮಾಡುವಾಗಲೂ ಆ ಮಾತು ನನಗೆ ನೆನಪಾಗಲಿಲ್ಲ ಅನ್ನೋದು ಬೇರೆ ವಿಷಯ.

1990ರ ದಶಕದಲ್ಲಿ ಯೂನಿಗೇಜ್ ಯೋಜನೆ ಬಂತು. ನಮ್ಮ ಕಡೆಯ ಹಳಿ 1,676 ಮಿಲಿಮೀಟರಿನ ಬ್ರಾಡ್ ಗೇಜ್ ಆಯಿತು. ಅದಿರು ಸಾಗಿಸೋಕೆ ಅದು ಬೇಕೇ ಇತ್ತು, ತಪ್ಪು ಅನ್ನಲ್ಲ. ಆದರೆ ಉಗಿ ಎಂಜಿನ್ ಹೋಯಿತು, ಅದರ ಜೊತೆ ಅಜ್ಜನಂಥವರ ಕೆಲಸವೂ ಹೋಯಿತು. ಕೊಟ್ಟೂರು ಲೈನಿನಲ್ಲಂತೂ ಮತ್ತೆ ಪ್ಯಾಸೆಂಜರ್ ಓಡಿದ್ದು 2019ರಲ್ಲಿ. ಅದನ್ನು ನೋಡೋಕೆ ಅಜ್ಜ ಇರಲಿಲ್ಲ.

ಅಜ್ಜನಿಗೆ ಒಂದೇ ಒಂದು ಆಸೆ ಇತ್ತು. ಮೈಸೂರಿನಲ್ಲಿ 1979ರಿಂದ ರೈಲು ಮ್ಯೂಸಿಯಂ ಇದೆಯಲ್ಲ, ಅಲ್ಲಿ ಹಳೇ ಮೀಟರ್ ಗೇಜ್ ಎಂಜಿನ್ ನಿಲ್ಲಿಸಿದ್ದಾರೆ ಅಂತ ಯಾರೋ ಹೇಳಿದ್ರು. "ಒಮ್ಮೆ ಮುಟ್ಟಿ ಬರೋಣು" ಅಂದ. ನಾನು "ಈ ರಿಲೀಸ್ ಮುಗೀಲಿ ಅಜ್ಜ" ಅಂದೆ. ನಿಮಗೂ ಗೊತ್ತು, ರಿಲೀಸ್ ಮುಗಿಯೋದೇ ಇಲ್ಲ. ಎರಡು ವರ್ಷ ಹೀಗೇ ಹೇಳಿದೆ. ಮೂರನೇ ವರ್ಷ ಹೇಳಿಸಿಕೊಳ್ಳೋಕೆ ಅಜ್ಜ ಇರಲಿಲ್ಲ.

ಈ ಗುಂಡಿಗೆ ಅದೇ ಕಾರಣ. ಜರ್ಮನಿಯ ಲೇಮನ್ ಕಂಪನಿ 1968ರಲ್ಲಿ ತೋಟದಲ್ಲಿ ಓಡಿಸುವ ದೊಡ್ಡ ಆಟಿಕೆ ರೈಲು ತಂದಿತು, ಹೆಸರು ಎಲ್‌ಜಿಬಿ. ಅದರ ಹಳಿಯ ಅಗಲ 45 ಮಿಲಿಮೀಟರ್, ಅಳತೆ 22.5ಕ್ಕೆ ಒಂದು. ಒಂದು ಮೀಟರನ್ನು 22.5ರಿಂದ ಭಾಗಿಸಿ ನೋಡಿ, 44 ಚಿಲ್ಲರೆ ಬರುತ್ತೆ. ಅಂದ್ರೆ ಜಗತ್ತಿನ ತೋಟಗಳಲ್ಲಿ ಓಡುವ ಆ ರೈಲು ಅಜ್ಜನ ಮೀಟರ್ ಗೇಜೇ! ಆ ಲೆಕ್ಕದಲ್ಲಿ ವೈಪಿ ಎಂಜಿನ್ ಸುಮಾರು 85 ಸೆಂಟಿಮೀಟರ್ ಆಗುತ್ತೆ. ಅಷ್ಟು ದೊಡ್ಡ ಟರ್ನ್‌ಟೇಬಲ್ ನನಗೆ ಅಂಗಡಿಯಲ್ಲಿ ಸಿಗಲಿಲ್ಲ. ಹೋಟೆಲಿನ ತಿರುಗುವ ಟೇಬಲ್ಲಿಗೆ ಹಾಕುವ ಬೇರಿಂಗ್ ತಂದೆ. ಕಂಪ್ಲಿಯಲ್ಲಿ 90 ಸೆಂಟಿಮೀಟರಿನ ಸೇತುವೆ ವೆಲ್ಡ್ ಮಾಡಿಸಿದೆ. ಮೊದಲ ಮಳೆಗೆ ಎರೆ ಮಣ್ಣು ಉಬ್ಬಿ ಗುಂಡಿ ಸೊಟ್ಟಗಾಯಿತು, ಹಳಿಗೆ ಹಳಿ ಕೂಡಲಿಲ್ಲ. ಮತ್ತೆ ಅಗೆದು, ಕಾಂಕ್ರೀಟ್ ಹಾಕಿ, ನೀರು ಹೋಗೋಕೆ ಪೈಪ್ ಇಟ್ಟೆ.

ಎಂಜಿನ್ ಇನ್ನೂ ಇಲ್ಲ. ಪ್ಲೈವುಡ್ಡಿನ ಡಬ್ಬಿಗೆ ಗಾಲಿ ಹಾಕಿ ಮರಳು ತುಂಬಿ ಹತ್ತಿಸಿದೆ. ತಳ್ಳಿದರೆ ಸೇತುವೆಯ ತುದಿ ಅಂಚಿಗೆ ಕೂತು ಕಿರ್ ಅಂತು, ತಿರುಗಲಿಲ್ಲ. ಡಬ್ಬಿಯನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿದೆ. ಈ ಸಲ ಒಂದೇ ಬೆರಳಿಗೆ ಸುಮ್ಮನೆ ತಿರುಗಿಬಿಡ್ತು. ಹಿಂಬದಿಯ ಸ್ವಲ್ಪ ಮರಳು ತೆಗೆದೆ, ಮತ್ತೆ ಅಲ್ಲಾಡಲಿಲ್ಲ. ಟೆಂಡರಿನ ನೀರು ಖಾಲಿಯಾದಾಗ ಎಂಜಿನ್ ಎಲ್ಲಿ ನಿಲ್ಲಬೇಕು ಅಂತ ಅಜ್ಜ ಪ್ರತಿಸಲ ಹೊಸದಾಗಿ ಅಂದಾಜು ಮಾಡ್ತಿದ್ದ. ಲೆಕ್ಕ ಇಲ್ಲ, ಕಾಗದ ಇಲ್ಲ. ರೈಲ್ವೆ ಚರಿತ್ರೆಯಲ್ಲಿ ಕಂಪನಿಯ ಹೆಸರಿದೆ, ಲೈನು ತೆರೆದ ವರ್ಷಗಳಿವೆ. ಈ ಅಂದಾಜಿನ ಬಗ್ಗೆ ನಾನು ಎಲ್ಲೂ ಓದಿಲ್ಲ, ಅದಕ್ಕೇ ಇಲ್ಲಿ ಬರೆದಿಟ್ಟೆ.

ಅವ್ವ ಹೊರಗೆ ಬಂದು ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ತಾನೂ ಒಂದು ಬೆರಳಲ್ಲಿ ತಳ್ಳಿದಳು. ಎರಡು ಸುತ್ತು ತಿರುಗಿ ನಿಂತಿತು. "ಮೆಣಸಿನಕಾಯಿ ಮಾಳಿಗೆ ಮ್ಯಾಲೆ ಹಾಕ್ತೀನಿ ತಗೋ" ಅಂದಳು.