ಮರುಭೂಮಿಯ ಒಕ್ಕಲು ಮತ್ತು ಅವನ ಸಮಾಧಿಭೂಮಿ

ಪಾಳುನೆಲವನ್ನು ಹಸನುಮಾಡಿದವನಿಗೆ ಆ ನೆಲವು ಸಲ್ಲತಕ್ಕದ್ದೆಂಬ ನ್ಯಾಯವು ಬಹು ಪುರಾತನವಾದುದು. ಕೊರಡುಗಳನ್ನು ಕಿತ್ತವನದೇ ಹೊಲವೆಂದು ಮನುಸ್ಮೃತಿಯ 9ನೆಯ ಅಧ್ಯಾಯವು ಹೇಳುತ್ತದೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1862ರಲ್ಲಿ ಹುಟ್ಟಿದ ‘ಹೋಮ್‌ಸ್ಟೆಡ್’ ಶಾಸನದ ತಿರುಳೂ ಇದೇ. 160 ಎಕರೆ ಸರ್ಕಾರಿ ಭೂಮಿಯಲ್ಲಿ ಮನೆ ಕಟ್ಟಿ, 5 ವರ್ಷ ವಾಸಮಾಡಿ, ಸಾಗುವಳಿ ನಡೆಸಿದವನಿಗೆ ಅದರ ಹಕ್ಕುಪತ್ರವು ದೊರೆಯುತ್ತಿದ್ದಿತು. 1912ರಲ್ಲಿ ಈ ಅವಧಿಯನ್ನು 3 ವರ್ಷಕ್ಕೆ ಇಳಿಸಿದರು. ದನ ಮೇಯಿಸುವುದಕ್ಕೆ ಮಾತ್ರ ತಕ್ಕುದಾದ ಒಣನೆಲವನ್ನು 640 ಎಕರೆಯವರೆಗೆ ಕೊಡಬಹುದೆಂದು 1916ರ ಶಾಸನವು ವಿಧಿಸಿತು.

ಈ ಶಾಸನಗಳು ಮನುಷ್ಯನಿಂದ ಏನನ್ನು ಬೇಡಿದುವೆಂಬುದಕ್ಕೆ ವಿಲಿಯಂ ಕೀಸನ ಚರಿತ್ರೆಯು ತಕ್ಕ ನಿದರ್ಶನ. 1879ರಲ್ಲಿ ಹುಟ್ಟಿದ ಈತನು 1910ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಮರುಭೂಮಿಗೆ ಬಂದು, ‘ಡೆಸರ್ಟ್ ಕ್ವೀನ್’ ಎಂಬ ಚಿನ್ನದ ಗಣಿಯ ಕಾವಲುಗಾರನಾದನು. 1917ರಲ್ಲಿ ಬಂಡೆಗಳ ನಡುವಣ ಕಣಿವೆಯೊಂದರಲ್ಲಿ ಹೋಮ್‌ಸ್ಟೆಡ್ ಭೂಮಿಗೆ ಅರ್ಜಿ ಸಲ್ಲಿಸಿದನು. 1918ರಲ್ಲಿ ಫ್ರಾನ್ಸಿಸ್ ಲಾಟನ್ ಎಂಬಾಕೆಯನ್ನು ಮದುವೆಯಾಗಿ ಅಲ್ಲಿ ಸಂಸಾರ ಹೂಡಿದನು.

ಆ ಸೀಮೆಯಲ್ಲಿ ಮಳೆಯೇ ದುರ್ಲಭ. ಕೀಸನು ಬಾವಿಗಳನ್ನು ತೋಡಿದನು, ಬಂಡೆಗಳ ಸಂದಿಗೆ ಅಡ್ಡಗಟ್ಟೆ ಹಾಕಿ ನೀರನ್ನು ನಿಲ್ಲಿಸಿದನು, ಹಣ್ಣಿನ ಮರಗಳನ್ನು ಬೆಳೆಸಿದನು, ದನಗಳನ್ನು ಸಾಕಿದನು. ಬಾರ್ಕರ್ ಎಂಬ ದನಗಾರನು ಕಟ್ಟಿಸಿದ್ದ ಹಳೆಯ ಕಟ್ಟೆಯನ್ನು ಸುಮಾರು 1950ರಲ್ಲಿ ಇನ್ನಷ್ಟು ಎತ್ತರಿಸಿದವನೂ ಈತನೇ. ಪಾಳುಬಿದ್ದ ಗಣಿಗಳಿಂದ ತಂದ ಕಬ್ಬಿಣ, ಗಾಲಿ, ಕೊಳವೆಗಳೊಂದೂ ಅಲ್ಲಿ ವ್ಯರ್ಥವಾಗಲಿಲ್ಲ. ಮಕ್ಕಳಿಗಾಗಿ ಮನೆಯ ಬಳಿಯಲ್ಲಿಯೇ ಶಾಲೆಯೊಂದು ಎದ್ದಿತು.

ಹುಟ್ಟಿದ ಏಳು ಮಕ್ಕಳಲ್ಲಿ ಮೂವರು ಎಳೆತನದಲ್ಲಿಯೇ ತೀರಿಕೊಂಡರು. ಊರ ಸ್ಮಶಾನವೆಂಬುದಿಲ್ಲದ ಆ ಒಂಟಿ ನೆಲೆಯಲ್ಲಿ ಸ್ವಂತ ನೆಲದಲ್ಲಿಯೇ ಅವರನ್ನು ಮಣ್ಣುಮಾಡಿದರು. ಹಣ್ಣು ಬಿಡದ ನೆಲವನ್ನು ಒಕ್ಕಲು ಬಿಟ್ಟುಹೋದಾನು. ಮಕ್ಕಳು ಮಲಗಿರುವ ನೆಲವನ್ನು ಬಿಟ್ಟುಹೋಗುವುದು ಸುಲಭವಲ್ಲ.

ಆದರೆ ಭೂಮಿಯ ಮೇಲಣ ಮಮತೆಗೆ ಘೋರವಾದ ಮುಖವೂ ಉಂಟು. ದಾರಿಯ ಹಕ್ಕನ್ನು ಕುರಿತ ವ್ಯಾಜ್ಯದಲ್ಲಿ 1943ರ ಮೇ 11ರಂದು ಕೀಸನು ನೆರೆಯವನಾದ ವರ್ತ್ ಬ್ಯಾಗ್ಲಿಯನ್ನು ಗುಂಡಿಕ್ಕಿ ಕೊಂದನು. ಆತ್ಮರಕ್ಷಣೆಗಾಗಿ ಹಾಗೆ ಮಾಡಿದೆನೆಂಬ ಅವನ ವಾದವನ್ನು ನ್ಯಾಯಸ್ಥಾನವು ಒಪ್ಪಲಿಲ್ಲ. ಅರುವತ್ತು ದಾಟಿದ ಮೇಲೆ ಸೆರೆಮನೆಯ ವಾಸವು ಪ್ರಾಪ್ತವಾಯಿತು. ಮುಂದೆ ಪ್ರಸಿದ್ಧ ಗ್ರಂಥಕರ್ತ ಅರ್ಲ್ ಸ್ಟ್ಯಾನ್ಲಿ ಗಾರ್ಡ್‌ನರನು ಈ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲಾಗಿ, 1956ರಲ್ಲಿ ಕೀಸನಿಗೆ ಪೂರ್ಣ ಕ್ಷಮಾದಾನವು ದೊರೆಯಿತು.

ಅಷ್ಟರಲ್ಲಿ ಕಾಲವು ಬದಲಾಗಿದ್ದಿತು. ಸುತ್ತಣ ಪ್ರದೇಶವು 1936ರಲ್ಲಿಯೇ ‘ಜೋಷುವಾ ಟ್ರೀ’ ಎಂಬ ಹೆಸರಿನಿಂದ ರಾಷ್ಟ್ರೀಯ ಸ್ಮಾರಕಭೂಮಿಯಾಗಿದ್ದಿತು. 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1963ರಲ್ಲಿ ಫ್ರಾನ್ಸಿಸಳು ತೀರಿಕೊಂಡಳು. ಬಳಿಕ ಭೂಮಿಯು ಕೀಸನಿಂದ ಪರರ ಕೈಸೇರಿ ಕಡೆಗೆ ಸರ್ಕಾರಕ್ಕೇ ಮರಳಿತಾದರೂ, ಅವನು ಕೊನೆಯವರೆಗೂ ಅಲ್ಲಿಯೇ ಇದ್ದನು. 1969ರ ಜೂನ್ 28ರಂದು ತೀರಿಕೊಂಡಾಗ, ಹೆಂಡತಿ ಮಕ್ಕಳ ಮಗ್ಗುಲಲ್ಲಿಯೇ ಅವನಿಗೆ ಎಡೆ ದೊರೆಯಿತು. ಹಕ್ಕುಪತ್ರವು ಕೈಬದಲಾಯಿಸಿತು, ಸಮಾಧಿಗಳು ಕದಲಲಿಲ್ಲ.

ಇಲ್ಲಿಗೆ ಚರಿತ್ರೆಯನ್ನು ಮುಗಿಸಿದರೆ ಅದು ಅರ್ಧಸತ್ಯವಾದೀತು. ಶಾಸನವು ಯಾರದೂ ಅಲ್ಲವೆಂದು ಹಂಚಿದ ಆ ನೆಲದಲ್ಲಿ ಸೆರಾನೊ, ಚೆಮೆಹುಯೆವಿ ಮೊದಲಾದ ಮೂಲನಿವಾಸಿಗಳು ಬಹುಕಾಲದಿಂದ ಬಾಳಿದ್ದರು. ಸಮೀಪದ ‘ಮಾರಾ’ ಎಂಬ ನೀರ್ದಾಣದ ಬಳಿ ಚೆಮೆಹುಯೆವಿಗಳ ಹಳೆಯ ಸ್ಮಶಾನವಿದೆ. ಕೀಸನು ಆ ಸೀಮೆಗೆ ಕಾಲಿಟ್ಟ ಕಾಲದ ಆಸುಪಾಸಿನಲ್ಲಿಯೇ ಅವರು ಆ ನೆಲೆಯನ್ನು ತೊರೆದುಹೋದರು. ಕೀಸನಿಗೆ ತನ್ನವರ ಬಳಿ ಮಲಗುವ ಭಾಗ್ಯವು ಲಭಿಸಿತು, ತೆರಳಿದವರಿಗೆ ಲಭಿಸಲಿಲ್ಲ.

ಕೊರಡು ಕಿತ್ತವನದು ಹೊಲವೆಂಬ ಮಾತಿನ ಜತೆಗೆ, ಭೂಮಿಯು ಸರ್ವರಿಗೂ ಸಮಾನವಾದುದರಿಂದ ಅದನ್ನು ಇಡಿಯಾಗಿ ದಾನಮಾಡುವ ಅಧಿಕಾರವು ಯಾರಿಗೂ ಇಲ್ಲವೆಂದು ಮೀಮಾಂಸಕರು ನಿರ್ಣಯಿಸಿರುವುದನ್ನೂ ನೆನೆಯಬೇಕು. ದುಡಿಮೆಯಿಂದ ಹೊಲವು ಒಬ್ಬನದಾಗಬಹುದು. ಆದರೆ ಹೊಲವನ್ನು ಕೊಟ್ಟ ಸರ್ಕಾರವಾಗಲಿ ಪಡೆದ ಒಕ್ಕಲಾಗಲಿ, ಅದಕ್ಕೆ ಮೊದಲು ಅಲ್ಲಿ ಯಾರ ಹಿರಿಯರು ಮಣ್ಣಾಗಿದ್ದಾರೆಂದು ವಿಚಾರಿಸದಿದ್ದರೆ ಆ ದಾನವು ನಿರ್ದುಷ್ಟವಾಗಲಾರದು.