ತುಕ್ಕು ಹಿಡಿಯದ ಕಾರು

ದೇವನಹಳ್ಳಿ ತಾಲೂಕಿನ ನಮ್ಮ ಚನ್ನರಾಯಪಟ್ಟಣದ ಸುತ್ತಮುತ್ತ, ಹುಣಸೆಮರದಡಿ, ಹಿಪ್ಪುನೇರಳೆ ತೋಟದ ಬದಿಯಲ್ಲಿ, ಹಳೇ ಹುಳುಮನೆಗಳ ಹಿಂದೆ ನಿಂತುಹೋದ ಕಾರುಗಳ ಫೋಟೊ ತೆಗೆಯುತ್ತಾ ಬಂದಿದ್ದೇನೆ. ಹೆಚ್ಚಿನವು ಅಂಬಾಸಿಡರ್. ಕ್ಯಾಮೆರಾ ಹೊರತೆಗೆದರೆ ಸಾಕು, ಮನೆಯ ಹಿರಿಯರು ಬಂದು ನಿಲ್ಲುತ್ತಾರೆ. "ಹಿಂದಿನ ಸೀಟು ಬಿಚ್ಚಿಟ್ಟು, ಗೂಡು ತುಂಬ್ಕೊಂಡು ವಿಜಯಪುರದ ಮಾರ್ಕೆಟ್ಟಿಗೆ ಹೋಗ್ತಿದ್ದಿದ್ದು ಇದ್ರಲ್ಲೇ ಕಣಪ್ಪ" ಎಂದರು ಒಬ್ಬರು. ಬಾಗಿಲಿನ ಸಂದಿಯಲ್ಲಿ ರೇಷ್ಮೆಯ ಎಳೆಯೊಂದು ಇನ್ನೂ ಅಂಟಿಕೊಂಡಿತ್ತು.

ನಾನು ಮೊದಲು ನೋಡುವುದು ನಂಬರ್ ಪ್ಲೇಟು. ಕೈಯಲ್ಲಿ ಬರೆದ 'ಎಂವೈ' ಕಂಡರೆ ಅದು ಮೈಸೂರು ರಾಜ್ಯದ ಕಾಲದ ಗುರುತು. 1973ರ ನವೆಂಬರ್ 1ರಂದು ರಾಜ್ಯದ ಹೆಸರೇ ಬದಲಾಯಿತು. ಈಗ ದೇವನಹಳ್ಳಿಯದು ಕೆಎ 43.

ಅಂಬಾಸಿಡರನ್ನು ನೆನೆಯಲು ದೇಶವೇ ಇದೆ. ಬಂಗಾಳದ ಉತ್ತರಪಾರಾದಲ್ಲಿ 2014ರ ಮೇ ತಿಂಗಳಲ್ಲಿ ಅದರ ತಯಾರಿಕೆ ನಿಂತಾಗ ಪತ್ರಿಕೆಗಳೆಲ್ಲ ಬರೆದವು. ನನ್ನ ಸಂಕಟ ಬೇರೆ. ನಮ್ಮ ಬೆಂಗಳೂರೇ ಒಂದು ಕಾರು ಮಾಡಿತ್ತು, ಸಿಪಾನಿ ಕಂಪನಿಯ ಡಾಲ್ಫಿನ್. ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯ ಪುಟ್ಟ ಗಾಡಿ, 848 ಸಿಸಿ ಎಂಜಿನ್, ಎರಡೇ ಬಾಗಿಲು, ಮೈಯೆಲ್ಲ ಫೈಬರ್. ಹಗುರವಾಗಿದ್ದದ್ದರಿಂದ ರ‍್ಯಾಲಿ ಓಡಿಸುವವರಿಗೆ ಅಚ್ಚುಮೆಚ್ಚು. 1982ರಲ್ಲಿ ಬಂತು, 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಮನೆಬಳಕೆಗೆ ಕೊಳ್ಳುವವರು ಅತ್ತ ಹೊರಳಿದರು. ಆಮೇಲೆ ನಾಲ್ಕು ಬಾಗಿಲಿನ ಮೊಂಟಾನಾ ಮಾಡಿದರೂ ಸಿಪಾನಿ ಚೇತರಿಸಿಕೊಳ್ಳಲಿಲ್ಲ.

ಬಯಲಲ್ಲಿ ಬಿಟ್ಟ ಡಾಲ್ಫಿನ್ ಸಾಯುವ ರೀತಿಯೇ ಬೇರೆ. ಅಂಬಾಸಿಡರ್‌ನ ತಗಡು ಕೆಳಗಿನಿಂದ ತಿಂದುಹೋಗುತ್ತದೆ, ಬಾಗಿಲ ಬುಡ ಮುಟ್ಟಿದರೆ ಉದುರುತ್ತದೆ. ಡಾಲ್ಫಿನ್‌ನ ಮೈ ತುಕ್ಕು ಹಿಡಿಯದು. ಬಿಸಿಲಿಗೆ ಬಣ್ಣ ಸುಣ್ಣದಂತೆ ಕೈಗೆ ಹತ್ತುತ್ತದೆ, ಬಿರುಕಿನಲ್ಲಿ ಗಾಜಿನ ನೂಲು ಎದ್ದಿರುತ್ತದೆ. ಒಳಗಿನ ಕಬ್ಬಿಣದ ಚಾಸಿ ಮಾತ್ರ ಸದ್ದಿಲ್ಲದೆ ಕರಗಿರುತ್ತದೆ. ಗುಜರಿಯವರು ತೂಕಕ್ಕೆ ಕೊಳ್ಳುವವರು. ಫೈಬರಿಗೆ ಅವರಲ್ಲಿ ಬೆಲೆಯಿಲ್ಲ. ಹಾಗಾಗಿ ಚಾಸಿ, ಎಂಜಿನ್ ಹೋಗಿ ಮೈ ತಿಪ್ಪೆಗೆ ಬೀಳುತ್ತದೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಇಲ್ಲಿ ಜಾಗಕ್ಕೆ ಬಂದ ಬೆಲೆಗೆ, ನಿಂತ ಕಾರಿಗೆ ನೆಲ ಬಿಡುವವರು ಯಾರು?

2021ರ ಕೇಂದ್ರ ನಿಯಮದಂತೆ ನೋಂದಣಿಯಾಗಿ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ಮಾನ್ಯತೆ ಸಿಗುತ್ತದೆ. ಮೊದಲ ಡಾಲ್ಫಿನ್‌ಗಳಿಗೆ ಆ ವಯಸ್ಸು ತುಂಬುವುದು 2032ಕ್ಕೆ. ನಿಮ್ಮ ಹಿತ್ತಲಲ್ಲಿ ಒಂದಿದ್ದರೆ ದಯವಿಟ್ಟು ಅಲ್ಲಿಯವರೆಗೆ ಒಂದು ಚಪ್ಪರ ಹಾಕಿಸಿ. ಆಗದಿದ್ದರೆ, ಗುಜರಿಗೆ ಹಾಕುವ ಮುನ್ನ ಬೆಳಗಿನ ಓರೆ ಬಿಸಿಲಲ್ಲಿ ಚಾಸಿ ನಂಬರು, ನಂಬರ್ ಪ್ಲೇಟು ಎರಡರ ಫೋಟೊ ತೆಗೆದು, ಓಡಿಸಿದವರ ಹೆಸರನ್ನು ಹಿಂದೆ ಬರೆದಿಡಿ.