ಸ್ಮರಣೆಯೂ ಸೇವೆಯೂ: ಮಾರ್ಟಿನ್ ಲೂಥರ್ ಕಿಂಗ್ ಅವರ ಪರಂಪರೆ

ಮಹಾಪುರುಷರು ಗತಿಸಿದ ಬಳಿಕ ಅವರ ಹೆಸರನ್ನು ಉಳಿಸಿಕೊಳ್ಳಲು ಜನರು ಎರಡು ಮಾರ್ಗಗಳನ್ನು ಹಿಡಿಯುವುದುಂಟು. ಪ್ರತಿಮೆ, ಪುಷ್ಪಮಾಲೆ, ಉತ್ಸವಗಳಿಂದ ಗೌರವಿಸುವುದೊಂದು. ಅವರು ಕೈಕೊಂಡ ಕಾರ್ಯವನ್ನು ತಾವು ಮುಂದುವರಿಸುವುದು ಮತ್ತೊಂದು. ಮೊದಲನೆಯದು ಸುಲಭ, ಎರಡನೆಯದು ಪ್ರಯಾಸಸಾಧ್ಯ. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಪ್ಪು ಜನಾಂಗದವರ ನಾಗರಿಕ ಹಕ್ಕುಗಳಿಗಾಗಿ ಹೋರಾಡಿ ಪ್ರಾಣವನ್ನರ್ಪಿಸಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಸ್ಮರಣೆಯ ಚರಿತ್ರೆಯಲ್ಲಿ ಈ ಎರಡು ಮಾರ್ಗಗಳೂ ಕಾಣಬರುವುವು. ಅದನ್ನು ವಾಚಕ ಮಹಾಶಯರ ಮುಂದೆ ಸಂಕ್ಷೇಪವಾಗಿ ನಿರೂಪಿಸಲು ಇಲ್ಲಿ ಯತ್ನಿಸಿರುವೆನು.

ಕಿಂಗ್ ಅವರು 1929ನೆಯ ಇಸವಿ ಜನವರಿ 15ರಂದು ಅಟ್ಲಾಂಟಾ ನಗರದಲ್ಲಿ ಧರ್ಮೋಪದೇಶಕರ ಮನೆತನದಲ್ಲಿ ಜನಿಸಿದರು. ಆ ದೇಶದಲ್ಲಿ ಗುಲಾಮಗಿರಿಯು 1865ರಲ್ಲಿಯೇ ರದ್ದಾಗಿದ್ದರೂ, ದಕ್ಷಿಣದ ಸಂಸ್ಥಾನಗಳಲ್ಲಿ ಶಾಲೆ, ವಾಹನ, ಭೋಜನಶಾಲೆಗಳಲ್ಲೆಲ್ಲ ಕಪ್ಪು ಜನರನ್ನು ಬೇರೆಯಾಗಿರಿಸುವ ಕಟ್ಟಳೆಗಳು ಬಲವಾಗಿದ್ದುವು. 1955ರ ಡಿಸೆಂಬರಿನಲ್ಲಿ ಮಾಂಟ್ಗೊಮರಿ ಪಟ್ಟಣದ ಕಪ್ಪು ಜನರು ಬಸ್ಸುಗಳನ್ನು ತ್ಯಜಿಸಿ 381 ದಿನಗಳ ಕಾಲ ಕಾಲ್ನಡಿಗೆಯಿಂದಲೂ ಪರಸ್ಪರ ಸಹಾಯದಿಂದಲೂ ತಮ್ಮ ಕೆಲಸಗಳಿಗೆ ಹೋಗಿಬಂದು ಜಯಶೀಲರಾದಾಗ, ಅವರ ನಾಯಕರಾಗಿದ್ದವರು ಕಿಂಗ್ ಅವರೇ. ಮಹಾತ್ಮಾ ಗಾಂಧಿಯವರ ಸತ್ಯಾಗ್ರಹತತ್ತ್ವದಲ್ಲಿ ಅವರಿಗಿದ್ದ ಶ್ರದ್ಧೆಯು ಅವರನ್ನು 1959ರಲ್ಲಿ ನಮ್ಮ ದೇಶಕ್ಕೂ ಕರೆತಂದಿತು. 1964ರಲ್ಲಿ ಅವರಿಗೆ ನೊಬೆಲ್ ಶಾಂತಿ ಪಾರಿತೋಷಕವು ದೊರೆಯಿತು.

ಲೋಕವು ಕಂಡದ್ದು ಇಷ್ಟು. ಆದರೆ ಮಹಾಮೆರವಣಿಗೆಗಳ ಹಿಂದೆ ಮೌನವಾಗಿ ನಡೆಯುತ್ತಿದ್ದ ಅಕ್ಷರಕಾರ್ಯವೊಂದಿತ್ತು. ಸೌತ್ ಕೆರೊಲೈನಾ ಸಂಸ್ಥಾನದಲ್ಲಿ ಮತದಾರರ ಪಟ್ಟಿಗೆ ಸೇರಬಯಸುವವರು ಅಲ್ಲಿಯ ಸಂವಿಧಾನದ ಭಾಗವೊಂದನ್ನು ಅಧಿಕಾರಿಯ ಮುಂದೆ ಓದಬೇಕಾಗಿತ್ತು. ತಲೆಮಾರುಗಳಿಂದ ಒಳ್ಳೆಯ ಶಾಲೆಯನ್ನೇ ಕಾಣದಿದ್ದವರಿಗೆ ಈ ನಿಯಮವು ಮುಚ್ಚಿದ ಬಾಗಿಲಾಗಿತ್ತು. ಆ ಸಂಸ್ಥಾನದ ಜಾನ್ಸ್ ದ್ವೀಪದಲ್ಲಿ ಈಸಾ ಜೆಂಕಿನ್ಸ್ ಎಂಬವರು ಕೂಲಿಕಾರರನ್ನು ತಮ್ಮ ಬಸ್ಸಿನಲ್ಲಿ ಚಾರ್ಲ್ಸ್‌ಟನ್ ನಗರಕ್ಕೆ ಕರೆದೊಯ್ಯುತ್ತ, ದಾರಿಯಲ್ಲಿಯೇ ಸಂವಿಧಾನದ ಪಾಠವನ್ನು ಹೇಳಿಕೊಡುತ್ತಿದ್ದರು. ಆ ಪ್ರಯಾಣಿಕರಲ್ಲೊಬ್ಬ ಹೆಂಗಸು ಆ ಭಾಗವನ್ನು ಕೇಳಿ ಕೇಳಿ ಕಂಠಪಾಠ ಮಾಡಿದಳು. ಆದರೂ ತನಗೆ ನಿಜವಾಗಿ ಓದಲು ಬರಬೇಕೆಂದು ಹಂಬಲಿಸಿದಳು. ಬಾಯಿಪಾಠದಿಂದ ಬಾಗಿಲು ತೆರೆಯಬಹುದು, ಕಣ್ಣು ತೆರೆಯಲಾರದು ಎಂಬುದನ್ನು ಆಕೆಯು ಅರಿತಿದ್ದಳು.

ಈ ಹಂಬಲಕ್ಕೆ ಓಗೊಟ್ಟವರು ಸೆಪ್ಟಿಮಾ ಕ್ಲಾರ್ಕ್. 1898ರಲ್ಲಿ ಜನಿಸಿದ ಈಕೆಯು 1916ರಲ್ಲಿ ಇದೇ ದ್ವೀಪದಲ್ಲಿ ಉಪಾಧ್ಯಾಯಿನಿಯಾಗಿ ಕೆಲಸಕ್ಕೆ ತೊಡಗಿದ್ದರು. ಹಕ್ಕುಗಳಿಗಾಗಿ ದುಡಿಯುತ್ತಿದ್ದ ಸಂಘದ ಸದಸ್ಯತ್ವವನ್ನು ಬಿಡಲೊಲ್ಲದೆ ಹೋದುದರಿಂದ 1956ರಲ್ಲಿ ಉದ್ಯೋಗವನ್ನೂ ನಿವೃತ್ತಿವೇತನವನ್ನೂ ಕಳೆದುಕೊಂಡರು. ಆ ಬಳಿಕ ಟೆನ್ನೆಸೀಯ ಹೈಲ್ಯಾಂಡರ್ ಎಂಬ ವಿದ್ಯಾಕೇಂದ್ರವನ್ನು ಸೇರಿ, ಅದರ ನೆರವಿನಿಂದ 1957ರ ಜನವರಿಯಲ್ಲಿ ಜಾನ್ಸ್ ದ್ವೀಪದಲ್ಲಿ ವಯಸ್ಕರ ಪೌರಶಿಕ್ಷಣ ಶಾಲೆಯು ಆರಂಭವಾಗುವಂತೆ ಮಾಡಿದರು. ಮುಂದುಗಡೆ ಅಂಗಡಿ, ಹಿಂಗೋಣೆಯಲ್ಲಿ ಪಾಠ. ಪಾಠ ಹೇಳಲು ಬಂದ ಬರ್ನಿಸ್ ರಾಬಿನ್ಸನ್ ಅವರು ಕೇಶಾಲಂಕಾರ ಮತ್ತು ಹೊಲಿಗೆಗಳಿಂದ ಜೀವಿಸುತ್ತಿದ್ದವರು, ಉಪಾಧ್ಯಾಯವೃತ್ತಿಯವರಲ್ಲ. ತಾವು ಕಲಿಸಲು ಬಂದವರಲ್ಲ, ಎಲ್ಲರೂ ಕೂಡಿ ಕಲಿಯೋಣವೆಂದು ಅವರು ಮೊದಲ ದಿನವೇ ತಿಳಿಸಿದರು. ಮೊದಲಿಗೆ ಬಂದ ವಿದ್ಯಾರ್ಥಿಗಳು 14 ಮಂದಿ. ಹೆಬ್ಬೆಟ್ಟು, ಗೀಟುಗಳ ಬದಲು ತಮ್ಮ ಹೆಸರನ್ನು ಬರೆಯುವುದು, ಮನಿಯಾರ್ಡರನ್ನು ತುಂಬುವುದು, ಪತ್ರಿಕೆಯನ್ನೋದುವುದು ಮೊದಲಾದ ನಿತ್ಯಜೀವನದ ಅಗತ್ಯಗಳೇ ಅವರ ಪಠ್ಯವಾದುವು. ಅವುಗಳ ಮೂಲಕ ಸಂವಿಧಾನಕ್ಕೆ ಏರುವುದೇ ಅವರ ಸೋಪಾನವಾಯಿತು.

1961ರಲ್ಲಿ ಹೈಲ್ಯಾಂಡರಿನ ಸನ್ನದನ್ನು ಸರಕಾರವು ಕಿತ್ತುಕೊಂಡಾಗ ಈ ಕಾರ್ಯವು ನಿಂತುಹೋಗುವಂತಿತ್ತು. ಆಗ ಕಿಂಗ್ ಅವರ ಅಧ್ಯಕ್ಷತೆಯಲ್ಲಿದ್ದ ದಕ್ಷಿಣ ಕ್ರೈಸ್ತ ನಾಯಕತ್ವ ಸಮ್ಮೇಳನವು ಅದನ್ನು ವಹಿಸಿಕೊಂಡಿತು. ಕ್ಲಾರ್ಕ್, ಡೊರೊಥಿ ಕಾಟನ್, ಆಂಡ್ರೂ ಯಂಗ್ ಇವರು ಜಾರ್ಜಿಯಾದ ಡಾರ್ಚೆಸ್ಟರ್ ಕೇಂದ್ರದಲ್ಲಿ ಹಳ್ಳಿಹಳ್ಳಿಗಳಿಂದ ಬಂದವರಿಗೆ ತರಬೇತಿಯಿತ್ತು, ಅವರವರ ಊರುಗಳಿಗೇ ಗುರುಗಳನ್ನಾಗಿ ಕಳುಹಿಸಿದರು. ದೊಡ್ಡ ಪದವಿಗಳು ಅವಶ್ಯವಿರಲಿಲ್ಲ; ಸ್ಪಷ್ಟವಾಗಿ ಓದಬಲ್ಲ, ಬರೆಯಬಲ್ಲ, ನೆರೆಯವರ ಪ್ರೀತಿಗೆ ಪಾತ್ರರಾದವರಾದರೆ ಸಾಕಾಗಿತ್ತು. 1965ರ ಆಗಸ್ಟ್ 6ರಂದು ಮತದಾನದ ಹಕ್ಕಿನ ಕಾಯಿದೆಯು ಜಾರಿಗೆ ಬಂದು ಅಂತಹ ಓದಿನ ಪರೀಕ್ಷೆಗಳನ್ನು ತಡೆಯುವಷ್ಟರಲ್ಲಿ, ಆ ಹಕ್ಕನ್ನು ಕೇಳುವ ಧೈರ್ಯವು ಈ ಶಾಲೆಗಳಿಂದ ಊರೂರಿಗೆ ಹಬ್ಬಿತ್ತು.

1968ರ ಫೆಬ್ರವರಿ 4ರಂದು ಅಟ್ಲಾಂಟಾದ ಎಬೆನೀಜರ್ ದೇವಾಲಯದಲ್ಲಿ ಉಪದೇಶವೀಯುತ್ತ ಕಿಂಗ್ ಅವರು, ತಮ್ಮ ಅಂತ್ಯಕ್ರಿಯೆಯ ದಿನ ತಮ್ಮ ಪಾರಿತೋಷಕಗಳನ್ನಾಗಲಿ ವಿದ್ಯಾಭ್ಯಾಸವನ್ನಾಗಲಿ ಹೊಗಳಬಾರದೆಂದೂ, ಪರರ ಸೇವೆಗಾಗಿ ಬಾಳಲು ಯತ್ನಿಸಿದನೆಂದು ನೆನೆದರೆ ಸಾಕೆಂದೂ ಕೋರಿದರು. ಎರಡು ತಿಂಗಳು ಕಳೆಯುತ್ತಲೇ, ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ ಮೆಂಫಿಸ್ ನಗರಕ್ಕೆ ಹೋಗಿದ್ದಾಗ, ಏಪ್ರಿಲ್ 4ರಂದು ಅವರು ಗುಂಡೇಟಿಗೆ ಬಲಿಯಾದರು. ಅವರ ಅಂತ್ಯಕ್ರಿಯೆಯಲ್ಲಿ ಆ ಉಪದೇಶದ ಧ್ವನಿಮುದ್ರಿಕೆಯನ್ನೇ ಕೇಳಿಸಲಾಯಿತು.

ಅವರ ಜನ್ಮದಿನವನ್ನು ರಾಷ್ಟ್ರೀಯ ರಜೆಯನ್ನಾಗಿಸುವ ಕಾಯಿದೆಯು 1983ರಲ್ಲಿ ಸಹಿಯಾಗಿ, 1986ರ ಜನವರಿ 20ರಂದು ಮೊದಲ ಆಚರಣೆಯು ನಡೆಯಿತು. ಆದರೆ ಬಿಡುವಿನ ದಿನವು ಬರಿಯ ವಿಶ್ರಾಂತಿಯಲ್ಲಿ ಕಳೆದುಹೋಗುವ ಭಯವಿತ್ತು. ಆದಕಾರಣ ಕಿಂಗ್ ಅವರ ಸಹಚರರಾಗಿದ್ದ ಜಾನ್ ಲೂಯಿಸ್ ಹಾಗೂ ಹ್ಯಾರಿಸ್ ವಫರ್ಡ್ ಅವರ ಪ್ರಯತ್ನದಿಂದ 1994ರಲ್ಲಿ ಆ ದಿನವನ್ನು ಸೇವೆಯ ದಿನವನ್ನಾಗಿ ಮಾಡುವ ಕಾಯಿದೆಯು ಹುಟ್ಟಿತು. ಅಂದಿನಿಂದ ಜನವರಿಯ ಮೂರನೆಯ ಸೋಮವಾರ ಜನರು ಶಾಲೆಗಳನ್ನು ಶುಚಿಗೊಳಿಸುವುದು, ಮಕ್ಕಳಿಗೆ ಪಾಠ ಹೇಳುವುದು, ಹಸಿದವರಿಗೆ ಅನ್ನವನ್ನು ಒದಗಿಸುವುದು ರೂಢಿಗೆ ಬಂದಿದೆ.

ಇಲ್ಲಿ ಎಚ್ಚರಿಕೆಯ ಮಾತೊಂದುಂಟು. ಒಂದು ದಿನ ಗೋಡೆಗೆ ಬಣ್ಣ ಬಳಿದು, ಮರುದಿನ ಆ ಗೋಡೆಯೊಳಗಿನ ಮಕ್ಕಳ ಗತಿಯನ್ನು ಮರೆತರೆ ಸ್ಮರಣೆಯು ಪೂರ್ತಿಯಾದಂತಲ್ಲ. ಕಿಂಗ್ ಅವರು ಬೇಡಿದ್ದು ದಯೆಯನ್ನಲ್ಲ, ನ್ಯಾಯವನ್ನು. ಜಾನ್ಸ್ ದ್ವೀಪದ ಹಿಂಗೋಣೆಯಲ್ಲಿ ಸೇವೆಯೂ ನ್ಯಾಯವೂ ಬೇರೆ ಬೇರೆಯಾಗಿರಲಿಲ್ಲ. ಅಲ್ಲಿ ಕಲಿತವನು ಭಿಕ್ಷೆಯನ್ನು ಪಡೆಯಲಿಲ್ಲ, ತನ್ನ ಹೆಸರನ್ನು ತಾನೇ ಬರೆಯುವ ಶಕ್ತಿಯನ್ನು ಪಡೆದನು. ಕಲಿತು ಮತ್ತೊಬ್ಬರಿಗೆ ಕಲಿಸಿದನು.

ಸೆಪ್ಟಿಮಾ ಕ್ಲಾರ್ಕ್ ಅವರು 1975ರಲ್ಲಿ ಚಾರ್ಲ್ಸ್‌ಟನ್ನಿನ ಶಾಲಾಮಂಡಲಿಗೆ ಚುನಾಯಿತರಾದರು. 1976ರಲ್ಲಿ ಅವರ ನಿವೃತ್ತಿವೇತನವು ಮರಳಿ ಬಂದಿತು. 1987ರಲ್ಲಿ ಅವರು ದಿವಂಗತರಾದರು. ಅವರಿಂದ ಅಕ್ಷರ ಕಲಿತವರ ಸೌತ್ ಕೆರೊಲೈನಾ ಸಂಸ್ಥಾನವೇ ಕಿಂಗ್ ಅವರ ದಿನವನ್ನು ತನ್ನ ಎಲ್ಲ ನೌಕರರಿಗೂ ವೇತನಸಹಿತ ರಜೆಯೆಂದು ಅಂಗೀಕರಿಸಿದುದು 2000ದಲ್ಲಿ, ಎಲ್ಲ ಸಂಸ್ಥಾನಗಳಿಗಿಂತ ಕೊನೆಯದಾಗಿ. ಸರಕಾರವು ತಡವಾಗಿ ಮಾಡಿದ ಗೌರವವನ್ನು ಆ ಬಡವರು ನಲವತ್ತಕ್ಕೂ ಹೆಚ್ಚು ವರ್ಷ ಮುಂಚೆಯೇ, ಚಳಿಗಾಲದ ರಾತ್ರಿಗಳಲ್ಲಿ, ಅಕ್ಷರ ತಿದ್ದುತ್ತ ಸಲ್ಲಿಸಿದ್ದರು. ಮಹಾತ್ಮರ ಹೆಸರಿನಲ್ಲಿ ದೀಪವನ್ನು ಹಚ್ಚುವವರೆಲ್ಲರೂ ಅದರ ಬೆಳಕಿನಲ್ಲಿ ಒಬ್ಬರಿಗಾದರೂ ಓದು ಕಲಿಸುವರಾದರೆ, ಆ ಸ್ಮರಣೆಯೇ ಸಾರ್ಥಕವು.